ಚೀಟಿ ಇಲ್ಲದ ಕೌದಿ

ಕೊಂಡಾಪುರ

ವಿದೇಶಕ್ಕೆ ಹೋಗಿ ಬಂದವರು ಅಲ್ಲಿಂದ ಏನೇನು ತಂದೆವು ಎಂದು ಹೇಳಿಕೊಳ್ಳುತ್ತಾರೆ. ನಾನು ಹೇಳಬೇಕಾಗಿರುವುದು ಅಲ್ಲಿ ಏನನ್ನು ಬಿಟ್ಟು ಬರಲಿಲ್ಲ ಎಂಬುದನ್ನು.

ನಾನು ಹೋದದ್ದು ಇಟಲಿಯ ಪ್ರಾತೋ ಎಂಬ ಊರಿಗೆ. ಹಳೆಯ ಬಟ್ಟೆಯನ್ನು ಎಳೆ ಎಳೆಯಾಗಿ ಬಿಡಿಸಿ ಮತ್ತೆ ನೂಲು ಮಾಡುವುದಕ್ಕೆ ಹೆಸರಾದ ಊರದು. ನನ್ನ ಮನೆ ಇರುವುದು ಹೈದರಾಬಾದಿನ ತಾರ್ನಾಕದಲ್ಲಿ. ನಮ್ಮ ತಂದೆ ಕಲಬುರಗಿಯಿಂದ ಸರ್ಕಾರಿ ನೌಕರಿಗೆಂದು ಬಂದವರು ಇಲ್ಲಿಯೇ ಉಳಿದರು. ಮನೆಯೊಳಗೆ ಕನ್ನಡ, ಬಾಗಿಲು ದಾಟಿದರೆ ತೆಲುಗು, ಆಟೋದವನ ಜೊತೆ ಜಗಳ ಹಿಂದಿಯಲ್ಲಿ. ಬಟ್ಟೆ ಪರೀಕ್ಷೆ ಮಾಡುವ ಸರ್ಕಾರಿ ಲ್ಯಾಬೊಂದರಲ್ಲಿ ದುಡಿದು ನಿವೃತ್ತಳಾದ ಮೇಲೆ, ಕೋಠಿ ಮಾರುಕಟ್ಟೆಯ ಹಿಂದಿನ ಓಣಿಯ ಗೋದಾಮಿನಲ್ಲಿ ಹಳೆ ಬಟ್ಟೆ ವಿಂಗಡಿಸುವ ಇಪ್ಪತ್ತಾರು ಹೆಂಗಸರ ಸಂಘಕ್ಕೆ ಕಾರ್ಯದರ್ಶಿಯಾದೆ. ಏಳು ವರ್ಷವಾಯಿತು. ಸಿಟ್ಟು ಬೇಗ ಬರುತ್ತದೆಂದು ನನ್ನ ಮೇಲೆ ದೂರಿದೆ. ಅದು ಸುಳ್ಳಲ್ಲ.

ಆ ಹೆಂಗಸರಲ್ಲಿ ಹೆಚ್ಚಿನವರು ಯಾದಗಿರಿ, ರಾಯಚೂರು ಕಡೆಯವರು. ಕಟ್ಟಡದ ಕೆಲಸಕ್ಕೆ ಬಂದು, ಬೆನ್ನು ಸೋತ ಮೇಲೆ ಬಟ್ಟೆಯ ಗುಡ್ಡೆಯ ಮುಂದೆ ಕೂತವರು. ಅವರ ಮುಂದಾಳು ಮರೆಮ್ಮ, ಸುರಪುರದ ಹತ್ತಿರದ ಹಳ್ಳಿಯವಳು. ಒಂದು ತುಂಡು ಕೈಗೆ ಸಿಕ್ಕರೆ ಹೆಬ್ಬೆರಳಿನಿಂದ ಉಜ್ಜಿ, ಉಗುರಿನಿಂದ ಒಮ್ಮೆ ಗೀರಿ, ಕಿವಿಯ ಹತ್ತಿರ ಹಿಡಿದು ಜಗ್ಗುತ್ತಾಳೆ. ಹತ್ತಿಯೋ ಪಾಲಿಯೆಸ್ಟರೋ ಎರಡರ ಬೆರಕೆಯೋ ಎಂಬುದನ್ನು ನಾನು ಕನ್ನಡಕ ಹಾಕಿಕೊಳ್ಳುವುದರೊಳಗೆ ಹೇಳಿ ಮುಗಿಸಿರುತ್ತಾಳೆ. ನನ್ನ ಲ್ಯಾಬಿಗೆ ಇದೇ ಕೆಲಸಕ್ಕೆ ಆ್ಯಸಿಡ್ಡು, ತಕ್ಕಡಿ, ಅರ್ಧ ದಿನ ಬೇಕಿತ್ತು.

ಪ್ರಯಾಣ ಶುರುವಾದದ್ದು ಹೈದರಾಬಾದಿನದೇ ಹೊಸ ಬಡಾವಣೆಯಾದ ಕೊಂಡಾಪುರದ ಗಾಜಿನ ಕಟ್ಟಡವೊಂದರ ಒಂಬತ್ತನೆಯ ಮಹಡಿಯಿಂದ. ಒಂದು ದೊಡ್ಡ ಉಡುಪಿನ ಕಂಪನಿ, ಯಂತ್ರ ತಯಾರಿಸುವ ಇಟಲಿಯ ಕಂಪನಿ ಮತ್ತು ನಮ್ಮ ಸಂಘ ಮೂವರೂ ಕೈಜೋಡಿಸಿ ಹಳೆ ಬಟ್ಟೆ ಕಸದ ಗುಡ್ಡೆಗೆ ಹೋಗದಂತೆ ನೋಡಿಕೊಳ್ಳುವ ಯೋಜನೆ ಅದು. ಇಟಲಿಯವರ ಯಂತ್ರ ಬಟ್ಟೆಯ ಮೇಲೆ ಬೆಳಕು ಬಿಟ್ಟು ಅದು ಯಾವ ನೂಲಿನದೆಂದು ಹೇಳುತ್ತದೆ. ಆದರೆ ಅದು ಕಲಿತಿರುವುದು ಯುರೋಪಿನ ಬಟ್ಟೆಯನ್ನು. ನೂರು ಸಲ ಒಗೆದ, ಗಂಜಿ ಹಾಕಿದ, ಲೇಬಲ್ಲಿನ ಗುರುತೇ ಇಲ್ಲದ ನಮ್ಮ ಬಟ್ಟೆಯನ್ನು ಅದಕ್ಕೆ ಹೊಸದಾಗಿ ಕಲಿಸಬೇಕು. ಅದಕ್ಕಾಗಿ ನಮ್ಮ ಹೆಂಗಸರು ಸುಮಾರು ಇನ್ನೂರು ತುಂಡು ಆರಿಸಿ, ಪ್ರತಿ ತುಂಡಿಗೂ ಅದು ಏನೆಂದು ಚೀಟಿ ಹಚ್ಚಿ ಕೊಡಬೇಕೆಂದರು. ಅದನ್ನು ನಾನು ಇಟಲಿಗೆ ಒಯ್ಯಬೇಕು, ಅಲ್ಲಿಯೇ ಒಪ್ಪಂದಕ್ಕೆ ಸಹಿ ಹಾಕಬೇಕು.

ಮರೆಮ್ಮನನ್ನೂ ಆ ದಿನ ಕರೆದುಕೊಂಡು ಹೋಗಿದ್ದೆ. ಎರಡು ತಾಸು ಇಂಗ್ಲಿಷಿನಲ್ಲಿ ಮಾತಾಯಿತು. ಅವಳು ಸೆರಗು ಹೊದ್ದು, ತಣ್ಣನೆಯ ಕುರ್ಚಿಯ ತುದಿಯಲ್ಲಿ ಕೂತು, ಕೊಟ್ಟ ಚಹಾ ಕುಡಿದಳು. ವಾಪಸು ಬರುವಾಗ ಏನಂದರೆಂದು ಕೇಳಿದಳು. ಎಲ್ಲಾ ಒಳ್ಳೆಯದಕ್ಕೇ ಎಂದೆ.

ಅದು ಪೂರ್ತಿ ನಿಜವಲ್ಲ. ಒಪ್ಪಂದದ ಕರಡಿನಲ್ಲಿ, ಯಂತ್ರ ಬಂದ ಮೇಲೆ ವಿಂಗಡಣೆ ಹಂತಹಂತವಾಗಿ ಯಂತ್ರಕ್ಕೆ ವರ್ಗಾವಣೆಯಾಗುವುದು ಎಂಬ ಒಂದು ಸಾಲಿತ್ತು. ಈಗ ಕೆಲಸ ಮಾಡುತ್ತಿರುವವರಿಗೆ ಪರ್ಯಾಯವನ್ನು ಪರಿಶೀಲಿಸಲಾಗುವುದು ಎಂದು ಅದರ ಕೆಳಗೆ ಬರೆದಿತ್ತು. ಪರಿಶೀಲಿಸಲಾಗುವುದು ಎಂಬ ಮಾತಿನ ಅರ್ಥ ಮೂವತ್ತು ವರ್ಷ ಸರ್ಕಾರಿ ಫೈಲು ನೋಡಿದ ನನಗೆ ಗೊತ್ತಿಲ್ಲವೇ? ಗೊತ್ತಿತ್ತು. ಅಲ್ಲಿಗೆ ಹೋದ ಮೇಲೆ ಮಾತಾಡಿ ಸರಿಪಡಿಸಿದರಾಯಿತು ಎಂದು ನನಗೆ ನಾನೇ ಹೇಳಿಕೊಂಡೆ. ಹೆಂಗಸರಿಗೆ ಮಾತ್ರ ಹೇಳಲಿಲ್ಲ.

ಚೀಟಿಗಳನ್ನು ನಾನೇ ಬರೆದೆ. ಹತ್ತಿ, ರೇಯಾನ್, ಟೆರಿಕಾಟ್, ನೈಲಾನ್ ಎಂದು ಕನ್ನಡ, ಇಂಗ್ಲಿಷ್ ಎರಡರಲ್ಲೂ. ಅಕ್ಷರ ಬಾರದವರಿಗೆ ತಿಳಿಯಲೆಂದು ಒಂದೊಂದು ಜಾತಿಗೆ ಒಂದೊಂದು ಬಣ್ಣ. ಬಿಸ್ಕತ್ತಿನ ಡಬ್ಬಿಯಲ್ಲಿ ಚೀಟಿ, ಅವನ್ನು ಚುಚ್ಚಲು ಟಾಚಣಿ ತುಂಬಿ ಮರೆಮ್ಮನ ಕೈಗೆ ಕೊಟ್ಟು ವೀಸಾದ ಹಿಂದೆ ಓಡಾಡಿದೆ. ಹೊರಡುವ ದಿನ ಬೆಳಿಗ್ಗೆ ಅವಳು ತಾರ್ನಾಕಕ್ಕೆ ಬಸ್ಸಿನಲ್ಲಿ ಬಂದು ಗಂಟು ಕೊಟ್ಟಳು. ಅಂಚೆಗೆ ಕೊಡುವ ಪಾರ್ಸೆಲ್ಲಿನ ಹಾಗೆ ಬಿಳಿ ಬಟ್ಟೆಯೊಳಗೆ ಇಟ್ಟು ನಾಲ್ಕೂ ಕಡೆ ಹೊಲಿದಿತ್ತು. ಒಂದು ತುಂಡೂ ಚದುರಬಾರದೆಂದು ನಾನೇ ಹೇಳಿದ್ದೆನಲ್ಲ. ಅಷ್ಟು ಅಚ್ಚುಕಟ್ಟಾಗಿ ಹೊಲಿದದ್ದನ್ನು ಬಿಚ್ಚಲು ಮನಸ್ಸಾಗಲಿಲ್ಲ.

ರೋಮ್

ಬಟ್ಟೆಯ ಗಂಟನ್ನು ತೊಡೆಯ ಮೇಲೆ ಇಟ್ಟುಕೊಂಡು ಎರಡು ವಿಮಾನ ಹತ್ತಿ ಇಳಿದೆ. ಪಕ್ಕದವರು ಅದನ್ನು ದಿಂಬೆಂದುಕೊಂಡರು. ಒಮ್ಮೆ ನಾನೂ ಹಾಗೆಯೇ ಬಳಸಿದೆ.

ರೋಮಿನ ವಿಮಾನ ನಿಲ್ದಾಣದಲ್ಲಿ ಒಂದು ನಾಯಿ ನನ್ನನ್ನು ಹಿಡಿಯಿತು. ಹಿಡಿಯಿತು ಎಂದರೆ ಕಚ್ಚಲಿಲ್ಲ. ಉದ್ದ ಕಿವಿಯ ಸಭ್ಯ ನಾಯಿ. ಎಲ್ಲರ ಚೀಲ ಮೂಸುತ್ತ ಬಂದು ನನ್ನ ಗಂಟಿನ ಮುಂದೆ ಕುಳಿತೇ ಬಿಟ್ಟಿತು. ತಿನ್ನುವುದೇನಾದರೂ ಇದೆಯೇ ಎಂದು ಅಧಿಕಾರಿ ಕೇಳಿದ. ಬರೀ ಬಟ್ಟೆ ಎಂದೆ. ನಾಯಿ ನನ್ನನ್ನು ನಂಬಲಿಲ್ಲ. ಗಂಟನ್ನು ಯಂತ್ರದೊಳಗೆ ಎರಡು ಸಲ ತೂರಿಸಿದರು. ಯಂತ್ರದ ಪ್ರಕಾರವೂ ಬಟ್ಟೆಯೇ. ಅಧಿಕಾರಿ ನಾಯಿಗೆ ಏನೋ ಬುದ್ಧಿ ಹೇಳಿ ಎಳೆದುಕೊಂಡು ಹೋದ. ಅದು ಎರಡು ಸಲ ತಿರುಗಿ ನೋಡಿತು. ಪಾಪದ ಪ್ರಾಣಿಯ ತಪ್ಪೇನೂ ಇರಲಿಲ್ಲವೆಂದು ನನಗೆ ಗೊತ್ತಾದದ್ದು ಮಾರನೆಯ ದಿನ.

ಅಲ್ಲಿಂದ ರೈಲು. ಡಬ್ಬಿಯಲ್ಲಿ ಯಾರೂ ಯಾರನ್ನೂ ಎಲ್ಲಿಗೆ ಹೊರಟಿರಿ ಎಂದು ಕೇಳುವುದಿಲ್ಲ. ನಮ್ಮ ಕಡೆ ಸಿಕಂದರಾಬಾದ್ ಬಿಟ್ಟು ಬೇಗಂಪೇಟೆ ಬರುವುದರೊಳಗೆ ಮಕ್ಕಳೆಷ್ಟು, ಸಕ್ಕರೆ ಕಾಯಿಲೆ ಇದೆಯೇ ಎಂಬವರೆಗೆ ವಿಚಾರಣೆ ಮುಗಿದಿರುತ್ತದೆ. ಅದರ ಮೇಲೆ ಯಾವಾಗಲೂ ರೇಗುವ ನನಗೆ ಆ ದಿನ ಅದೇ ಬೇಕೆನಿಸಿತು.

ಪ್ರಾತೋ

ನಾನು ಉಳಿದದ್ದು ಅಡಾ ಎಂಬ ಮುದುಕಿಯ ಮನೆಯಲ್ಲಿ. ಎಪ್ಪತ್ತೆಂಟರ ಹೆಂಗಸು, ಮಹಡಿಯ ಕೋಣೆಯನ್ನು ಅತಿಥಿಗಳಿಗೆ ಕೊಡುತ್ತಾರೆ. ಫೋನಿನೊಳಗಿನ ಅನುವಾದದ ಧ್ವನಿಯೇ ನಮ್ಮಿಬ್ಬರ ನಡುವೆ ದುಭಾಷಿ. ನಾನು ಮಾಂಸ ತಿನ್ನುವುದಿಲ್ಲ ಎಂದದ್ದನ್ನು ಅದು ಏನೆಂದು ಹೇಳಿತೋ, ಮೊದಲ ಊಟಕ್ಕೆ ಆಕೆ ಕೋಳಿ ತಂದಿಟ್ಟು, ಇದು ಮಾಂಸವಲ್ಲ, ಕೋಳಿ ಎಂದು ಸಮಾಧಾನ ಹೇಳಿದರು.

ಅಲ್ಲಿಯ ಬ್ರೆಡ್ಡಿಗೆ ಉಪ್ಪು ಹಾಕುವುದಿಲ್ಲ. ಹೊರಗಿನವರೆಲ್ಲ ಅದಕ್ಕೆ ಮುಖ ಕಿವುಚುತ್ತಾರಂತೆ. ನಾನು ಒಂದು ಚೂರು ಬಾಯಿಗಿಟ್ಟು, ಇದರಲ್ಲೇನು ವಿಶೇಷ, ನಮ್ಮ ಜೋಳದ ರೊಟ್ಟಿಗೂ ಉಪ್ಪಿಲ್ಲ ಎಂದೆ. ಪಲ್ಯಕ್ಕೆ ಉಪ್ಪಿದ್ದರೆ ಸಾಲದೇ? ಅಡಾ ಅವರಿಗೆ ನಾನು ಆ ಕ್ಷಣದಿಂದ ಹತ್ತಿರದವಳಾದೆ. ಕಾಫಿಯ ವಿಷಯದಲ್ಲಿ ಮಾತ್ರ ನಾವು ಒಂದಾಗಲಿಲ್ಲ. ನಿಂತುಕೊಂಡು, ಒಂದು ಗುಟುಕು, ಮುಗಿಯಿತು. ಹೈದರಾಬಾದಿನ ಇರಾನಿ ಹೋಟೆಲಿನಲ್ಲಿ ಒಂದು ಚಹಾದ ಮೇಲೆ ಅರ್ಧ ದಿನ ಕೂತು ದೇಶದ ಗತಿ ತೀರ್ಮಾನಿಸುವವರನ್ನು ಇಲ್ಲಿ ತಂದು ನಿಲ್ಲಿಸಬೇಕು. ಅಷ್ಟು ಕಾಫಿಯಲ್ಲಿ ಬೈಟೂ ಕೇಳುವ ಹಾಗೂ ಇಲ್ಲ.

ಮಾರನೆಯ ಬೆಳಿಗ್ಗೆ ಕಾರ್ಖಾನೆ. ಜಗತ್ತಿನ ಎಲ್ಲ ಕಡೆಯ ಹಳೆ ಬಟ್ಟೆ ಅಲ್ಲಿ ಬಿಗಿದ ಮೂಟೆಗಳಾಗಿ ಛಾವಣಿ ಮುಟ್ಟುವಷ್ಟು ಪೇರಿಸಿತ್ತು. ನಮ್ಮ ಕೋಠಿಯ ಗೋದಾಮಿನದೇ ವಾಸನೆ, ಹಳೆ ಉಣ್ಣೆಯದು ಸ್ವಲ್ಪ ಹೆಚ್ಚು. ಯೋಜನೆಯ ಮುಖ್ಯಸ್ಥೆ ಫ್ರಾಂಚೆಸ್ಕಾ ಎಂಬ ನಲವತ್ತರ ಹೆಂಗಸು. ನಗುಮುಖದವಳು, ಕೆಲಸ ಬಲ್ಲವಳು, ಇಂಗ್ಲಿಷೂ ಚೆನ್ನಾಗಿ ಬರುತ್ತದೆ. ಆಕೆಯನ್ನು ದ್ವೇಷಿಸಲು ನನಗೆ ಕೊನೆಯವರೆಗೂ ಸಾಧ್ಯವಾಗಲಿಲ್ಲ, ಅದೇ ನನಗೆ ತೊಂದರೆಯಾದದ್ದು.

ಉದ್ದ ಮೇಜಿನ ಸುತ್ತ ಆರೇಳು ಜನ. ಗಂಟನ್ನು ಮೇಜಿನ ಮೇಲಿಟ್ಟು ಹೊಲಿಗೆ ಬಿಚ್ಚಿದೆ. ಒಳಗಿಂದ ಬಂದದ್ದು ಕೌದಿ.

ಕೌದಿ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಹಳೆ ಸೀರೆ, ಧೋತರ, ಕುಪ್ಪಸಗಳ ತುಂಡುಗಳನ್ನು ಒಂದರ ಪಕ್ಕ ಒಂದಿಟ್ಟು, ಒಳಗೆ ಪದರ ಕೊಟ್ಟು, ಒತ್ತೊತ್ತಾಗಿ ಕೈಹೊಲಿಗೆ ಹಾಕಿದ ಹೊದಿಕೆ ಅದು. ಉತ್ತರ ಕರ್ನಾಟಕದವರು ಅದರೊಳಗೇ ಹುಟ್ಟಿ ಬೆಳೆಯುತ್ತಾರೆ. ಇನ್ನೂರು ತುಂಡನ್ನೂ ನಮ್ಮ ಹೆಂಗಸರು ಇಪ್ಪತ್ತಾರು ಸಾಲಾಗಿ ಹೊಲಿದಿದ್ದರು. ನೋಡಲು ಭಾರಿ ಚೆಂದ. ಚೀಟಿ ಒಂದೂ ಇಲ್ಲ.

ನಾನು ಕೌದಿಯನ್ನು ಕೊಡವಿದೆ, ತಿರುವಿದೆ, ಮತ್ತೆ ತಿರುವಿದೆ. ಒಂದು ಮೂಲೆಯಲ್ಲಿ ಗಟ್ಟಿಯಾದದ್ದೇನೋ ಕೈಗೆ ಸಿಕ್ಕಿತು. ಚೀಟಿಗಳನ್ನು ಅಲ್ಲಿ ತುಂಬಿದ್ದಾರೇನೋ ಎಂಬ ಆಸೆಯಿಂದ ಬೆರಳು ತೂರಿಸಿದರೆ ಒಣಗಿದ ಜೋಳದ ರೊಟ್ಟಿಯ ಚೂರು. ರೋಮಿನ ನಾಯಿಗೆ ಮನಸ್ಸಿನಲ್ಲೇ ಕ್ಷಮೆ ಕೇಳಿದೆ. ಮರೆಮ್ಮನ ಮನೆತನದಲ್ಲಿ ಕೌದಿಯ ಕೊನೆಯ ಹೊಲಿಗೆ ಹಾಕುವ ಮುಂಚೆ ಒಂದು ಚೂರು ರೊಟ್ಟಿ ಒಳಗಿಡುತ್ತಾರೆ. ಕೌದಿಯ ಹೊಟ್ಟೆ ಖಾಲಿ ಇರಬಾರದು, ಹೊದ್ದವರ ಹೊಟ್ಟೆಯೂ ಖಾಲಿ ಇರಬಾರದು.

ಅಷ್ಟು ದೂರ ಬಂದು ಇಂಥ ಎಡವಟ್ಟು. ಫೋನ್ ಹಚ್ಚಿದೆ. ಕೋಠಿಯಲ್ಲಿ ಆಗ ಮಧ್ಯಾಹ್ನದ ಊಟದ ಹೊತ್ತು. ಚೀಟಿ ಎಲ್ಲಿ ಎಂದು ರೇಗಿದೆ. ಮರೆಮ್ಮ ಏನೂ ಆಗಿಲ್ಲವೆಂಬಂತೆ, ಟಾಚಣಿ ತುಕ್ಕು ಹಿಡಿಯುತ್ತದೆ, ಕಾಗದ ಹರಿಯುತ್ತದೆ, ಕೌದಿಯೊಳಗೆ ಕಾಗದ ಇಟ್ಟು ಯಾರು ಹೊಲಿಯುತ್ತಾರೆ ಎಂದು ಕೇಳಿದಳು. ಒಬ್ಬೊಬ್ಬಳು ಒಂದೊಂದು ಸಾಲು ಹೊಲಿದಿದ್ದಾಳೆ, ಯಾವ ತುಂಡು ಏನೆಂದು ಹೊಲಿದವಳಿಗೆ ಗೊತ್ತಿದೆ, ಕೇಳಿದರೆ ಹೇಳುತ್ತಾರೆ ಎಂದಳು.

ಫ್ರಾಂಚೆಸ್ಕಾ ನಕ್ಕಳು. ಅವಳಿಗೆ ಸಿಟ್ಟೇ ಬರಲಿಲ್ಲ. ಇನ್ನೂ ಒಳ್ಳೆಯದಾಯಿತು, ನಾಳಿದ್ದು ಎಲ್ಲರನ್ನೂ ವಿಡಿಯೋದಲ್ಲಿ ಕೂರಿಸಿ, ಒಂದೊಂದೇ ತುಂಡು ತೋರಿಸೋಣ, ಅವರು ಹೇಳುತ್ತ ಹೋಗಲಿ, ನಾವು ಬರೆದುಕೊಳ್ಳುತ್ತೇವೆ, ಒಂದು ಬೆಳಗಿನ ಕೆಲಸ ಎಂದಳು. ನಾನು ತಲೆಯಾಡಿಸಿದೆ. ಬಚಾವಾದೆ ಎಂದುಕೊಂಡೆ.

ಅಡಾ ಅವರ ಅಡುಗೆಮನೆ

ಸಂಜೆ ಕೌದಿಯನ್ನು ಅಡಾ ಅವರಿಗೆ ತೋರಿಸಿದೆ. ಆಕೆ ಕೈ ಒರೆಸಿಕೊಂಡು ಬಂದು, ಕಣ್ಣು ಮುಚ್ಚಿ, ಹೆಬ್ಬೆರಳಿನಿಂದ ಒಂದು ಸಾಲು ಉಜ್ಜುತ್ತ ಹೋದರು. ಒಂದು ತುಂಡಿನ ಹತ್ತಿರ ನಿಂತು ಉಗುರಿನಿಂದ ಗೀರಿ, ಕಿವಿಯ ಹತ್ತಿರ ತಂದರು. ಅದು ಮರೆಮ್ಮನದೇ ಕೈ.

ಹದಿನಾರನೆಯ ವಯಸ್ಸಿನಿಂದ ಚಿಂದಿ ವಿಂಗಡಿಸಿದವರಂತೆ ಅವರು. ಆ ಊರಿನಲ್ಲಿ ಆಗ ಅದು ಮನೆಮನೆಯ ಕೆಲಸ. ಉಣ್ಣೆಯಲ್ಲಿ ಎಷ್ಟು ಬೆರಕೆ ಇದೆಯೆಂದು ಕೈಯಿಂದಲೇ ಹೇಳುತ್ತಿದ್ದರು. ಒಂದು ವರ್ಷ ಕಾರ್ಖಾನೆಯವರು ಒಬ್ಬ ಸಂಭಾವಿತನನ್ನು ಕಳಿಸಿದರು. ಅವನು ಪಕ್ಕದಲ್ಲಿ ಕೂತು, ಅಡಾ ಹೇಳಿದ್ದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡ. ಎಲ್ಲಿ ಮುಟ್ಟುತ್ತೀರಿ, ಹೇಗೆ ಗೊತ್ತಾಯಿತು ಎಂದು ಬಹಳ ಮರ್ಯಾದೆಯಿಂದ ಕೇಳಿದ. ಹೋಗುವಾಗ ಮಿಠಾಯಿಯ ಪೊಟ್ಟಣ ಕೊಟ್ಟ. ಮುಂದಿನ ಚಳಿಗಾಲಕ್ಕೆ ನೋಟ್‌ಬುಕ್ಕು ಕಾರ್ಖಾನೆಯಲ್ಲಿ ಉಳಿಯಿತು, ಅಡಾ ಮನೆಗೆ ಬಂದರು.

ಇಷ್ಟು ಹೇಳಿ ಆಕೆ ಫೋನನ್ನು ನನ್ನ ಕಡೆ ತಳ್ಳಿದರು. ಅದರೊಳಗಿನ ಧ್ವನಿ ನೆಟ್ಟಗೆ ಓದಿತು: "ನಿಮ್ಮ ಹೆಂಗಸರ ನೋಟ್‌ಬುಕ್ಕು ಯಾರ ಹತ್ತಿರ ಉಳಿಯುತ್ತದೆ?"

ಉಪ್ಪಿಲ್ಲದ ಬ್ರೆಡ್ಡನ್ನು ಸಾರಿನಲ್ಲಿ ಅದ್ದಿ ತಿಂದು ಮುಗಿಸಿದೆ. ನನ್ನ ಮೇಲೆ ನನಗೇ ಬಂದಷ್ಟು ಸಿಟ್ಟು ಆ ಹಿಂದೆ ಯಾರ ಮೇಲೂ ಬಂದಿರಲಿಲ್ಲ. ಚೀಟಿ ಬರೆದವಳು ನಾನು. ಬಣ್ಣ ಬಣ್ಣದ ಚೀಟಿ, ಅದೂ ಎರಡು ಭಾಷೆಯಲ್ಲಿ.

ಬೆಳಿಗ್ಗೆ ಎದ್ದವಳೇ ಮರೆಮ್ಮನಿಗೆ ಫೋನ್ ಮಾಡಿದೆ. ಹಿಂದೆ ಕೋಠಿಯ ಬಸ್ಸುಗಳ ಹಾರ್ನು ಕೇಳುತ್ತಿತ್ತು. ಕರಡಿನಲ್ಲಿದ್ದ ಆ ಸಾಲನ್ನು ಕನ್ನಡದಲ್ಲಿ ಓದಿ ಹೇಳಿದೆ. ಯಂತ್ರ ಕಲಿತರೆ ನಿಮಗೆ ಕೆಲಸ ಇರುವುದಿಲ್ಲ, ಇದು ನನಗೆ ಮೊದಲೇ ಗೊತ್ತಿತ್ತು, ನಿಮಗೆ ಹೇಳದೆ ಇದ್ದದ್ದು ನನ್ನ ತಪ್ಪು ಎಂದೆ.

"ನಮಗೂ ಗೊತ್ತಿತ್ರಿ ಅಕ್ಕಾರ," ಎಂದಳು ಮರೆಮ್ಮ.

ಹೇಗೆ ಎಂದು ಕೇಳಿದೆ.

"ಆ ದಿನ ಕೊಂಡಾಪುರದಾಗ ಚಾ ಕೊಟ್ರು. ಎರಡು ತಾಸು ಕುಂದ್ರಿಸಿದ್ರು. ಒಬ್ರೂ ನನ್ನ ಹೆಸ್ರು ಕೇಳಲಿಲ್ಲ. ಹೆಸ್ರು ಕೇಳದವ್ರು ಕೆಲ್ಸ ಎಲ್ಲಿ ಉಳಸ್ತಾರ್ರಿ?"

ಹಾಗಾದರೆ ತುಕ್ಕು, ಕಾಗದ ಎಂದದ್ದೆಲ್ಲ?

"ಅದೂ ಖರೇನ ಐತ್ರಿ. ಆದ್ರ ಚೀಟಿ ಹಚ್ಚಿ ಕೊಟ್ಟ ಮ್ಯಾಲ ನಮ್ಮನ್ನ ಯಾರು ಕೇಳ್ತಾರ? ಹೊಲದು ಕೊಟ್ರ ಕೇಳಾಕ ಬರ್ಬೇಕಾಗ್ತದ. ಅದಕ್ಕ ಎಲ್ಲಾರೂ ಕುಂತು ಹೊಲದ್ವಿ."

ನನಗೆ ಯಾಕೆ ಹೇಳಲಿಲ್ಲ ಎಂದು ಕೇಳಲು ಬಾಯಿ ತೆರೆದು ಮುಚ್ಚಿಕೊಂಡೆ. ನಾನು ಅವರಿಗೆ ಹೇಳಿದ್ದೆನೇ? ಈಗ ಏನು ಮಾಡೋಣ ಎಂದು ಮಾತ್ರ ಕೇಳಿದೆ. ಅವಳು ಫೋನನ್ನು ಕೆಳಗಿಟ್ಟು ಉಳಿದವರ ಜೊತೆ ಮಾತಾಡಿದಳು. ಗದ್ದಲ, ನಗು, ಯಾರೋ ಯಾರಿಗೋ ಬೈದದ್ದು ಎಲ್ಲ ಕೇಳಿಸಿತು. ಕೊನೆಗೆ ಮರೆಮ್ಮ ಹೇಳಿದ್ದನ್ನು ನಾನು ಅಡಾ ಅವರ ಕಿರಾಣಿ ಚೀಟಿಯ ಹಿಂದೆ ಬರೆದುಕೊಂಡೆ. ಯಂತ್ರ ಬರಲಿ, ಬೇಡವೆನ್ನುವುದಿಲ್ಲ. ನಮ್ಮ ಗೋದಾಮಿಗೇ ಬರಲಿ. ಅದಕ್ಕೆ ಕಲಿಸುವವರೂ ನಾವೇ, ನಡೆಸುವವರೂ ನಾವೇ. ಕಾಗದದಲ್ಲಿ ಸಂಘದ ಹೆಸರು ಸಾಲದು, ಇಪ್ಪತ್ತಾರು ಹೆಸರೂ ಇರಬೇಕು.

ಸಹಿಯ ದಿನ

ಅದೇ ಉದ್ದ ಮೇಜು. ಹೂವಿನ ಕುಂಡ ಇಟ್ಟಿದ್ದರು, ಫೋಟೋ ತೆಗೆಯುವವರು ಬಂದಿದ್ದರು. ವಿಡಿಯೋಗೆ ದೊಡ್ಡ ಪರದೆ ಸಿದ್ಧವಾಗಿತ್ತು. ನಾನು ಕೌದಿಯನ್ನು ಮಡಿಲಲ್ಲಿಟ್ಟುಕೊಂಡೇ ಕೂತೆ.

ಹೆಂಗಸರ ಷರತ್ತುಗಳನ್ನು ಒಂದೊಂದಾಗಿ ಓದಿದೆ. ಆ ಸಾಲು ಕರಡಿನಿಂದ ಹೋಗುವ ತನಕ ವಿಡಿಯೋ ಇಲ್ಲ, ಸಹಿ ಇಲ್ಲ ಎಂದೆ. ಉಡುಪಿನ ಕಂಪನಿಯ ಕಡೆಯವರೊಬ್ಬರು, ಈ ಹಂತದಲ್ಲಿ ಇಂಥದ್ದು ಪದ್ಧತಿಯಲ್ಲ ಎಂದರು. ಪದ್ಧತಿ ಯಾರದು ಎಂದು ಕೇಳಿದೆ. ನಮ್ಮ ಪದ್ಧತಿಯಲ್ಲಿ ಕೌದಿ ಹೊಲಿದವರ ಮನೆಯಲ್ಲೇ ಉಳಿಯುತ್ತದೆ. ಇಟಲಿಯವರ ಇಂಜಿನಿಯರೊಬ್ಬ, ಹೆಂಗಸರ ಸಹಾಯವಿಲ್ಲದೆಯೂ ಯಂತ್ರ ಸ್ವಲ್ಪ ಮಟ್ಟಿಗೆ ಓದಬಹುದು, ಒಮ್ಮೆ ಬೆಳಕಿನ ಕೆಳಗೆ ಇಟ್ಟು ನೋಡೋಣವೇ ಎಂದ. ಧಾರಾಳವಾಗಿ ನೋಡಿ ಎಂದು ಕೌದಿಯ ಒಂದು ತುದಿಯನ್ನು ಕೊಟ್ಟು, ಇನ್ನೊಂದು ತುದಿಯನ್ನು ನಾನೇ ಹಿಡಿದುಕೊಂಡೆ. ಯಂತ್ರ ಕೆಲವನ್ನು ಸರಿಯಾಗಿಯೇ ಹೇಳಿತು. ಬೆರಕೆಯ ಹತ್ತಿರ ತಡವರಿಸಿತು. ಕಪ್ಪು ತುಂಡುಗಳಿಗೆ ಏನೂ ಹೇಳಲಿಲ್ಲ. ಸರಿಯಾದದ್ದು ಯಾವುದು, ತಪ್ಪಿದ್ದು ಯಾವುದು ಎಂದು ಇಂಜಿನಿಯರು ನನ್ನ ಮುಖ ನೋಡಿದ. ನಾನು ಹೂವಿನ ಕುಂಡ ನೋಡಿದೆ.

ಫ್ರಾಂಚೆಸ್ಕಾ ನನ್ನನ್ನು ಪಕ್ಕಕ್ಕೆ ಕರೆದು, ಇದನ್ನು ಒಪ್ಪುವ ಅಧಿಕಾರ ತನಗಿಲ್ಲ, ಮೇಲಿನವರನ್ನು ಕೇಳಬೇಕು, ಅದಕ್ಕೆ ತಿಂಗಳುಗಳೇ ಹಿಡಿಯಬಹುದು, ಅವರು ಬೇರೆ ಊರಿನ ಸಂಘವನ್ನು ನೋಡಿಕೊಂಡರೂ ಆಶ್ಚರ್ಯವಿಲ್ಲ ಎಂದಳು. ಬೆದರಿಸುವ ದನಿಯಲ್ಲ, ನಿಜವನ್ನೇ ಹೇಳಿದಳು. ನನಗೆ ಹೆದರಿಕೆಯಾಯಿತು. ಇಪ್ಪತ್ತಾರು ಜನರ ಅನ್ನದ ಮೇಲೆ ನಾನು ಹಟ ಹಿಡಿದು ಕೂತಿದ್ದೆ. ಆದರೆ ಹಟ ನನ್ನದಲ್ಲ, ಅವರದೇ ಎಂಬುದು ನೆನಪಾಗಿ ಬೆನ್ನು ನೆಟ್ಟಗಾಯಿತು. ಕಾಯುತ್ತೇವೆ ಎಂದೆ. ಕೌದಿಯ ನಾಲ್ಕು ಮೂಲೆ ಸರಿಮಾಡಿ ಮಡಚಿ ಚೀಲಕ್ಕೆ ಹಾಕಿಕೊಂಡೆ. ಸಹಿಗೆಂದು ಇಟ್ಟಿದ್ದ ಪೆನ್ನು ಹೂವಿನ ಕುಂಡದ ಪಕ್ಕ ಹಾಗೆಯೇ ಇತ್ತು. ಫೋಟೋ ತೆಗೆಯುವವರು ಪಾಪ ಅದರದ್ದೇ ಒಂದು ಫೋಟೋ ತೆಗೆದುಕೊಂಡರು.

ಅಡಾ ರೈಲಿನ ತನಕ ಬಂದರು. ಒಂದು ಇಡೀ ಬ್ರೆಡ್ಡನ್ನು ಬಟ್ಟೆಯಲ್ಲಿ ಸುತ್ತಿ ಕೊಟ್ಟರು.

ಮತ್ತೆ ಕೋಠಿ

ಬರಿಗೈಯಲ್ಲಿ ಬಂದೆ ಎಂದು ಹೇಳಿಕೊಂಡೇ ಗೋದಾಮಿನ ಒಳಗೆ ಹೋದೆ. ಯಾರೂ ಮುಖ ಸಣ್ಣ ಮಾಡಲಿಲ್ಲ. ಅಡಾ ಅವರ ಬ್ರೆಡ್ಡನ್ನು ಪುಂಡಿಪಲ್ಯದ ಜೊತೆ ಎಲ್ಲರೂ ತಿಂದರು, ರೊಟ್ಟಿಗಿಂತ ದಪ್ಪ ಎಂಬುದನ್ನು ಬಿಟ್ಟರೆ ಬೇರೆ ತಕರಾರು ಬರಲಿಲ್ಲ. ಮರೆಮ್ಮ ಕೌದಿಯನ್ನು ಹಾಸಿ ಮೊದಲು ಮುಟ್ಟಿ ನೋಡಿದ್ದು ಆ ಮೂಲೆಯನ್ನು. ರೊಟ್ಟಿಯ ಚೂರು ಇದ್ದಲ್ಲಿಯೇ ಇತ್ತು.

ಬಿಸ್ಕತ್ತಿನ ಡಬ್ಬಿಯನ್ನು ತಂದು ನನ್ನ ಮುಂದಿಟ್ಟಳು. ನಾನು ಬರೆದ ಚೀಟಿಗಳು ಒಂದೂ ಕಡಿಮೆಯಾಗದೆ ಒಳಗಿದ್ದವು.

ಮೊನ್ನೆ ಫ್ರಾಂಚೆಸ್ಕಾಳಿಂದ ಪತ್ರ ಬಂತು. ಆ ಸಾಲನ್ನು ತೆಗೆಯುವ ವಿಚಾರ ಇನ್ನೂ ಚರ್ಚೆಯಲ್ಲಿದೆಯಂತೆ. ತಾನೇ ಕೋಠಿಗೆ ಬರಬಹುದೇ ಎಂದು ಕೇಳಿದ್ದಾಳೆ. ಬರುವ ಮುಂಚೆ ಇಪ್ಪತ್ತಾರು ಜನರ ಹೆಸರು ಕಳಿಸಿ, ಪೂರ್ತಿ ಹೆಸರು, ತಪ್ಪಿಲ್ಲದ ಹಾಗೆ ಎಂದು ಕೊನೆಗೆ ಬರೆದಿದ್ದಾಳೆ. ಗೆದ್ದೆವು ಎಂದು ನಾನು ಹೇಳುವುದಿಲ್ಲ. ಸಹಿ ಆಗುವ ತನಕ ಕೌದಿ ಗೋದಾಮು ಬಿಟ್ಟು ಕದಲುವುದಿಲ್ಲ.

ಡಬ್ಬಿಯಿಂದ ಚೀಟಿಗಳನ್ನು ತೆಗೆದು, ಖಾಲಿಯಿದ್ದ ಹಿಂಬದಿಯನ್ನು ಮೇಲೆ ಮಾಡಿ, ಪೆನ್ನು ಹಿಡಿದು ಬಹಳ ಗತ್ತಿನಿಂದ ಕೂತೆ. ಇಟಲಿಯಲ್ಲಿ ಮೇಜು ಬಿಟ್ಟು ಎದ್ದು ಬಂದವಳಲ್ಲವೇ ನಾನು. ಮೊದಲ ಚೀಟಿಯ ಮೇಲೆ ಮರೆಮ್ಮ ಎಂದು ಬರೆದೆ. ಪೆನ್ನು ಅಲ್ಲಿಗೇ ನಿಂತಿತು.

"ಮರೆಮ್ಮಾ, ನಿನ್ನ ಪೂರ್ತಿ ಹೆಸರು ಏನವ್ವಾ?"

ಅವಳು ಕೈಯಲ್ಲಿದ್ದ ತುಂಡನ್ನು ಕಿವಿಯ ಹತ್ತಿರ ಹಿಡಿದು ಜಗ್ಗಿ, ಅದರ ಗುಂಪಿಗೆ ಎಸೆದು, ನನ್ನ ಕಡೆ ತಿರುಗಿದಳು.

"ಏಳು ವರ್ಷ ಆತ್ರಿ ಅಕ್ಕಾರ. ಈಗ ಕೇಳಿದ್ರಿ ನೋಡ್ರಿ," ಎಂದಳು. ಆಮೇಲೆ ನಿಧಾನವಾಗಿ, ನಾನು ಬರೆದುಕೊಳ್ಳುವಷ್ಟು ನಿಧಾನವಾಗಿ ಹೇಳಿದಳು.